ಫ್ಯಾಂಟಸಿ ಫುಟ್‌ಬಾಲ್ ಡ್ರಾಫ್ಟ್: ಕ್ವಾರ್ಟರ್‌ಬ್ಯಾಕ್ ಮೊದಲೋ, ರನ್ನಿಂಗ್ ಬ್ಯಾಕ್ ಮೊದಲೋ?

ಪ್ರತಿ ವರ್ಷ ಆಗಸ್ಟ್ ತಿಂಗಳ ಕೊನೆ ಹತ್ತಿರವಾಗುತ್ತಿದ್ದಂತೆ ಅಮೆರಿಕದಲ್ಲಿ ಕೆಲಸ ಮಾಡುವ ಕನ್ನಡಿಗರಿಂದ, ಈಚೆಗೆ ಬೆಂಗಳೂರಿನಲ್ಲೇ ಇದ್ದು ಅಲ್ಲಿನ ಸಹೋದ್ಯೋಗಿಗಳ ಜೊತೆ ಆಡುವವರಿಂದಲೂ, ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕಚೇರಿಯವರು ಫ್ಯಾಂಟಸಿ ಫುಟ್‌ಬಾಲ್ ಲೀಗ್‌ಗೆ (ಅಮೆರಿಕನ್ ಫುಟ್‌ಬಾಲ್‌ನ ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಮೈದಾನದಲ್ಲಿ ಅವರು ತೋರುವ ಆಟಕ್ಕೆ ಅಂಕ ಪಡೆಯುವ ಆಟ) ಸೇರಿಸಿಕೊಂಡಿದ್ದಾರೆ, ಮುಂದಿನ ವಾರ ಡ್ರಾಫ್ಟ್, ಅಂದರೆ ಆಟಗಾರರನ್ನು ಆರಿಸಿ ಹಂಚಿಕೊಳ್ಳುವ ಕೂಟ, ಇದೆ, ಮೊದಲು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಬೇಕೋ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನನ್ನು ಆರಿಸಬೇಕೋ ಎಂಬುದೇ ಆ ಪ್ರಶ್ನೆ. ಒಬ್ಬನೇ ಕ್ವಾರ್ಟರ್‌ಬ್ಯಾಕ್ ಆಡುವ ಲೀಗ್‌ನಲ್ಲಿ ರನ್ನಿಂಗ್ ಬ್ಯಾಕ್ ಮೊದಲು, ಇಬ್ಬರನ್ನು ಆಡಿಸಬಹುದಾದ ಲೀಗ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಮೊದಲು ಎಂಬುದು ನನ್ನ ಉತ್ತರ. ಆದರೆ ಉತ್ತರವನ್ನಷ್ಟೇ ಬಾಯಿಪಾಠ ಮಾಡಿಕೊಂಡು ಹೋದವರು ಡ್ರಾಫ್ಟ್‌ನ ಮೂರನೆಯ ಸುತ್ತಿನಲ್ಲಿಯೇ ದಾರಿ ತಪ್ಪುವುದನ್ನು ನೋಡಿದ್ದೇನೆ. ಆದ್ದರಿಂದ ಅದರ ಹಿಂದಿನ ಲೆಕ್ಕವನ್ನು ಹಂತ ಹಂತವಾಗಿ ಇಲ್ಲಿ ವಿವರಿಸುತ್ತೇನೆ.

ಈ ಪ್ರಶ್ನೆಗೆ ಆಟದಷ್ಟೇ ವಯಸ್ಸಾಗಿದೆ. ಓಕ್‌ಲೆಂಡ್ ರೈಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾಗಿದ್ದ ಬಿಲ್ ವಿಂಕೆನ್‌ಬಾಕ್ ಮತ್ತು ಅವರ ಸಂಗಡಿಗರು 1962ರಲ್ಲಿ ಈ ಆಟದ ನಿಯಮಗಳನ್ನು ರೂಪಿಸಿದರು. ಮೊದಲ ಡ್ರಾಫ್ಟ್ 1963ರಲ್ಲಿ ಓಕ್‌ಲೆಂಡ್‌ನಲ್ಲಿ ನಡೆಯಿತು. ಅಂದು ಎಲ್ಲರಿಗಿಂತ ಮೊದಲು ಆಯ್ಕೆಯಾದವರು ಹ್ಯೂಸ್ಟನ್ ಆಯಿಲರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಮತ್ತು ಕಿಕ್ಕರ್ (ಚೆಂಡನ್ನು ಒದ್ದು ಅಂಕ ಗಳಿಸುವವರು) ಜಾರ್ಜ್ ಬ್ಲಾಂಡಾ. ಕ್ಲೀವ್‌ಲೆಂಡ್‌ನ ರನ್ನಿಂಗ್ ಬ್ಯಾಕ್ ಜಿಮ್ ಬ್ರೌನ್ ಆಗ ಇನ್ನೂ ಪಟ್ಟಿಯಲ್ಲಿದ್ದರು, ಮತ್ತು ಅದೇ ವರ್ಷ ಅವರು 14 ಪಂದ್ಯಗಳಲ್ಲಿ 1,863 ಗಜ ಓಡಿದರು.

ಮೊದಲು ತಿಳಿದಿರಬೇಕಾದ ಪದಗಳು

ಇಲ್ಲಿ ಹೇಳುತ್ತಿರುವುದು ಅಮೆರಿಕನ್ ಫುಟ್‌ಬಾಲ್ ಕುರಿತು, ಅಂದರೆ 32 ತಂಡಗಳ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್ ಕುರಿತು. ಕ್ವಾರ್ಟರ್‌ಬ್ಯಾಕ್ ಎಂದರೆ ಪ್ರತಿ ಪ್ಲೇನಲ್ಲೂ, ಅಂದರೆ ಪಂದ್ಯದ ಒಂದೊಂದು ಪ್ರಯತ್ನದಲ್ಲೂ, ಚೆಂಡನ್ನು ಕೈಗೆ ಪಡೆದು, ಅದನ್ನು ಎಸೆಯುವ ಇಲ್ಲವೇ ಜೊತೆಗಾರನ ಕೈಗೆ ಒಪ್ಪಿಸುವ ಆಟಗಾರ. ರನ್ನಿಂಗ್ ಬ್ಯಾಕ್ ಎಂದರೆ ಹಾಗೆ ಪಡೆದ ಚೆಂಡನ್ನು ಹಿಡಿದು ಎದುರಾಳಿಗಳ ನಡುವೆ ನುಗ್ಗಿ ಓಡುವವನು. ಆತ ಕೆಲವೊಮ್ಮೆ ಎಸೆದ ಚೆಂಡನ್ನೂ ಹಿಡಿಯುತ್ತಾನೆ. ಎಸೆತ ಹಿಡಿಯುವುದೇ ಮುಖ್ಯ ಕೆಲಸವಾಗಿರುವವರು ವೈಡ್ ರಿಸೀವರ್‌ಗಳು. ತಡೆಯುವ ಕೆಲಸವನ್ನೂ ಹಿಡಿಯುವ ಕೆಲಸವನ್ನೂ ಮಾಡುವವರು ಟೈಟ್ ಎಂಡ್‌ಗಳು.

ಫ್ಯಾಂಟಸಿ ಲೀಗ್‌ನಲ್ಲಿ ಸಾಮಾನ್ಯವಾಗಿ 10 ಅಥವಾ 12 ಮಂದಿ ಇರುತ್ತಾರೆ. ಭಾರತದ ಫ್ಯಾಂಟಸಿ ಕ್ರಿಕೆಟ್ ಆ್ಯಪ್‌ಗಳಲ್ಲಿ ಒಬ್ಬನೇ ಆಟಗಾರನನ್ನು ಲಕ್ಷಾಂತರ ಜನ ತಮ್ಮ ತಂಡಕ್ಕೆ ಹಾಕಿಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಐಪಿಎಲ್ ಹರಾಜಿನಲ್ಲಿ ಒಂದು ತಂಡದ ಪಾಲಾದ ಆಟಗಾರ ಇನ್ನೊಂದು ತಂಡಕ್ಕೆ ಸಿಗುವುದಿಲ್ಲವಲ್ಲ, ಹಾಗೆಯೇ ನಿಮ್ಮ ಲೀಗ್‌ನೊಳಗೆ ಒಬ್ಬ ಆಟಗಾರ ಒಬ್ಬರ ಪಾಲಿಗೆ ಮಾತ್ರ. ಮುಂದೆ ಬರುವ ಲೆಕ್ಕವೆಲ್ಲ ಈ ಒಂದು ನಿಯಮದ ಮೇಲೆಯೇ ನಿಂತಿದೆ.

ಡ್ರಾಫ್ಟ್ ಬಹುಪಾಲು ಲೀಗ್‌ಗಳಲ್ಲಿ ಸ್ನೇಕ್ ಕ್ರಮದಲ್ಲಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ 1ರಿಂದ 12ರವರೆಗೆ ಆಯ್ಕೆ ನಡೆದರೆ ಎರಡನೆಯ ಸುತ್ತು 12ರಿಂದ 1ಕ್ಕೆ ಹಿಮ್ಮುಖವಾಗಿ ಸಾಗುತ್ತದೆ. ಎಡಿಪಿ ಎಂಬ ಇನ್ನೊಂದು ಪದ ಎಲ್ಲೆಡೆ ಕಾಣುತ್ತದೆ. ಸಾವಿರಾರು ಡ್ರಾಫ್ಟ್‌ಗಳಲ್ಲಿ ಒಬ್ಬ ಆಟಗಾರ ಸರಾಸರಿ ಎಷ್ಟನೆಯವನಾಗಿ ಆಯ್ಕೆಯಾಗುತ್ತಿದ್ದಾನೆ ಎಂಬುದನ್ನು ಅದು ಸೂಚಿಸುತ್ತದೆ.

ಹಂತ 1: ಲೀಗ್‌ನ ನಿಯಮಗಳನ್ನು ಪೂರ್ತಿಯಾಗಿ ಓದಿ

ನಿಮ್ಮ ಲೀಗ್‌ನ ಸೆಟ್ಟಿಂಗ್ಸ್ ಪುಟವನ್ನು ತೆರೆದು ಮೂರು ವಿಷಯಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಮೊದಲನೆಯದು, ಪ್ರತಿ ವಾರ ಎಷ್ಟು ಮಂದಿಯನ್ನು ಯಾವ ಸ್ಥಾನಗಳಲ್ಲಿ ಆಡಿಸಬೇಕು ಎಂಬುದು. ಒಬ್ಬ ಕ್ವಾರ್ಟರ್‌ಬ್ಯಾಕ್, ಇಬ್ಬರು ರನ್ನಿಂಗ್ ಬ್ಯಾಕ್‌ಗಳು, ಇಬ್ಬರು ವೈಡ್ ರಿಸೀವರ್‌ಗಳು, ಒಬ್ಬ ಟೈಟ್ ಎಂಡ್, ಒಂದು ಫ್ಲೆಕ್ಸ್, ಒಬ್ಬ ಕಿಕ್ಕರ್, ಒಂದು ರಕ್ಷಣಾ ಪಡೆ (ಯಾವುದಾದರೊಂದು ಎನ್‌ಎಫ್‌ಎಲ್ ತಂಡದ ಇಡೀ ರಕ್ಷಣಾ ವಿಭಾಗ) ಎಂಬುದು ತೀರಾ ಸಾಮಾನ್ಯವಾದ ವಿನ್ಯಾಸ. ಫ್ಲೆಕ್ಸ್ ಎಂದರೆ ರನ್ನಿಂಗ್ ಬ್ಯಾಕ್, ವೈಡ್ ರಿಸೀವರ್, ಟೈಟ್ ಎಂಡ್ ಇವರಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಬಹುದಾದ ಜಾಗ. ಅದೇ ಜಾಗದಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನೂ ನಿಲ್ಲಿಸಲು ಅವಕಾಶವಿದ್ದರೆ ಅದನ್ನು ಸೂಪರ್‌ಫ್ಲೆಕ್ಸ್ ಎನ್ನುತ್ತಾರೆ. ನಿಮ್ಮ ಲೀಗ್‌ನಲ್ಲಿ ಸೂಪರ್‌ಫ್ಲೆಕ್ಸ್ ಇದ್ದರೆ ಹಂತ 7ನ್ನು ಈಗಲೇ ಓದಿ ಬನ್ನಿ, ಏಕೆಂದರೆ ಅಲ್ಲಿ ಕಥೆಯೇ ಬೇರೆ.

ಎರಡನೆಯದು, ಎಸೆದ ಟಚ್‌ಡೌನ್‌ಗೆ ಎಷ್ಟು ಅಂಕ ಎಂಬುದು. ಎದುರಾಳಿಯ ತುದಿಯಲ್ಲಿರುವ ಗೋಲ್‌ಲೈನ್ ಎಂಬ ಗೆರೆಯಾಚೆಗೆ ಚೆಂಡನ್ನು ಮುಟ್ಟಿಸುವುದೇ ಟಚ್‌ಡೌನ್. ಹೆಚ್ಚಿನ ಕಡೆ ಇದು 4, ಕೆಲವು ಕಡೆ 6. ಎಸೆದ 25 ಗಜಕ್ಕೆ 1 ಅಂಕ, ಓಡಿದ ಅಥವಾ ಹಿಡಿದ 10 ಗಜಕ್ಕೆ 1 ಅಂಕ, ಓಡಿ ಅಥವಾ ಹಿಡಿದು ಗಳಿಸಿದ ಟಚ್‌ಡೌನ್‌ಗೆ 6 ಅಂಕ, ಎದುರಾಳಿಯ ಕೈಸೇರಿದ ಎಸೆತಕ್ಕೆ, ಅಂದರೆ ಇಂಟರ್‌ಸೆಪ್ಷನ್‌ಗೆ, 2 ಅಂಕ ಕಡಿತ ಎಂಬುದು ವಾಡಿಕೆಯ ಪದ್ಧತಿ. ಒಬ್ಬ ಕ್ವಾರ್ಟರ್‌ಬ್ಯಾಕ್ 300 ಗಜ ಎಸೆದು, 2 ಟಚ್‌ಡೌನ್ ಕೊಡಿಸಿ, 1 ಇಂಟರ್‌ಸೆಪ್ಷನ್ ಮಾಡಿದನೆನ್ನಿ. ಆತನಿಗೆ 12, 8 ಕೂಡಿ 2 ಕಳೆದು 18 ಅಂಕ ಸಿಗುತ್ತದೆ. ಟಚ್‌ಡೌನ್‌ಗೆ 6 ಅಂಕವಿರುವ ಲೀಗ್‌ನಲ್ಲಿ ಅದೇ ಆಟಕ್ಕೆ 22 ಸಿಗುತ್ತದೆ.

ಮೂರನೆಯದು ಕ್ಯಾಚ್‌ಗೆ ಅಂಕವಿದೆಯೇ ಎಂಬುದು. ಪಿಪಿಆರ್ ಎಂದರೆ ಹಿಡಿದ ಪ್ರತಿ ಎಸೆತಕ್ಕೂ 1 ಅಂಕ. ಹಾಫ್ ಪಿಪಿಆರ್ ಎಂದರೆ ಅರ್ಧ ಅಂಕ. ಸ್ಟ್ಯಾಂಡರ್ಡ್ ಎಂದರೆ ಕ್ಯಾಚ್‌ಗೆ ಪ್ರತ್ಯೇಕ ಅಂಕವಿಲ್ಲ. ಇದು ಸಣ್ಣ ವ್ಯತ್ಯಾಸವೆಂದು ಅನೇಕರು ಭಾವಿಸುತ್ತಾರೆ. 2020ರ ಸೀಸನ್‌ನ ಇಬ್ಬರು ರನ್ನಿಂಗ್ ಬ್ಯಾಕ್‌ಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಟೆನೆಸಿ ತಂಡದ ಡೆರಿಕ್ ಹೆನ್ರಿ 2,027 ಗಜ ಓಡಿ 17 ಟಚ್‌ಡೌನ್ ಗಳಿಸಿದರು. ಹಿಡಿದದ್ದು 19 ಎಸೆತ, 114 ಗಜ ಮಾತ್ರ. ನ್ಯೂ ಆರ್ಲಿಯನ್ಸ್‌ನ ಆಲ್ವಿನ್ ಕಮಾರಾ ಓಡಿದ್ದು 932 ಗಜ, 16 ಟಚ್‌ಡೌನ್. ಆದರೆ ಹಿಡಿದದ್ದು 83 ಎಸೆತ, 756 ಗಜ, 5 ಟಚ್‌ಡೌನ್. ಫಂಬಲ್, ಅಂದರೆ ಕೈಜಾರಿ ಕಳೆದುಕೊಂಡ ಚೆಂಡಿನಂಥ ಸಣ್ಣಪುಟ್ಟ ಲೆಕ್ಕಗಳನ್ನು ಬಿಟ್ಟರೆ ಸ್ಟ್ಯಾಂಡರ್ಡ್ ಪದ್ಧತಿಯಲ್ಲಿ ಹೆನ್ರಿಗೆ 316.1, ಕಮಾರಾಗೆ 294.8 ಅಂಕ. ಪಿಪಿಆರ್‌ನಲ್ಲಿ ಹೆನ್ರಿಗೆ 335.1, ಕಮಾರಾಗೆ 377.8. ಒಂದು ಪದ್ಧತಿಯಲ್ಲಿ ಇಪ್ಪತ್ತೊಂದು ಅಂಕ ಮುಂದಿದ್ದವರು ಇನ್ನೊಂದರಲ್ಲಿ ನಲವತ್ತೆರಡು ಅಂಕಕ್ಕೂ ಹೆಚ್ಚು ಹಿಂದೆ ಬಿದ್ದರು. ಆದ್ದರಿಂದ ಯಾವ ಪದ್ಧತಿಗೆ ಸಿದ್ಧಪಡಿಸಿದ ಪಟ್ಟಿ ಎಂದು ನೋಡದೆ ಯಾರದೋ ರ‍್ಯಾಂಕಿಂಗ್ ಪಟ್ಟಿಯನ್ನು ಇಳಿಸಿಕೊಂಡು ಬರಬೇಡಿ. ಹೊಸಬರು ಮಾಡುವ ತಪ್ಪುಗಳಲ್ಲಿ ಅತ್ಯಂತ ದುಬಾರಿಯಾದದ್ದು ಇದೇ.

ಹಂತ 2: ಯಾರು ಹೆಚ್ಚು ಅಂಕ ಗಳಿಸುತ್ತಾರೆ ಎಂದು ಕೇಳಬೇಡಿ; ಕಾದರೆ ಎಷ್ಟು ಕಳೆದುಕೊಳ್ಳುತ್ತೇನೆ ಎಂದು ಕೇಳಿ

ಸೀಸನ್ ಮುಗಿದ ಮೇಲೆ ಒಟ್ಟು ಅಂಕಗಳ ಪಟ್ಟಿ ನೋಡಿದರೆ ಮೇಲಿನ ಸಾಲುಗಳಲ್ಲಿ ಕ್ವಾರ್ಟರ್‌ಬ್ಯಾಕ್‌ಗಳೇ ತುಂಬಿರುತ್ತಾರೆ. ಹಾಗಾದರೆ ಅವರನ್ನೇ ಮೊದಲು ತೆಗೆದುಕೊಳ್ಳಬಾರದೇಕೆ ಎಂಬ ಸಂದೇಹ ಸಹಜ. ಇದನ್ನು ಬಗೆಹರಿಸಲು ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಕೆಳಗಿನ ಅಂಕಿಗಳು ವಿವರಣೆಗಾಗಿ ನಾನು ಇಟ್ಟುಕೊಂಡವು; ನಿಮ್ಮ ಲೀಗ್‌ನ ಅಂದಾಜುಗಳನ್ನು ನೀವೇ ಹಾಕಿಕೊಳ್ಳಬೇಕು.

12 ಮಂದಿಯ ಲೀಗ್‌ನಲ್ಲಿ ಒಂದು ವಾರಕ್ಕೆ ಬೇಕಾಗುವ ಕ್ವಾರ್ಟರ್‌ಬ್ಯಾಕ್‌ಗಳು 12 ಮಾತ್ರ. ರನ್ನಿಂಗ್ ಬ್ಯಾಕ್‌ಗಳು 24. ಫ್ಲೆಕ್ಸ್ ಜಾಗಕ್ಕೆ ಹೋಗುವವರನ್ನೂ ಸೇರಿಸಿದರೆ ಸುಮಾರು 30. ಮೊದಲ ಸ್ಥಾನದ ಕ್ವಾರ್ಟರ್‌ಬ್ಯಾಕ್ 380 ಅಂಕ, ಹನ್ನೆರಡನೆಯವನು 290 ಅಂಕ ಗಳಿಸುತ್ತಾನೆ ಎಂದಿಟ್ಟುಕೊಳ್ಳಿ, ಅಂತರ 90. ಮೊದಲ ಸ್ಥಾನದ ರನ್ನಿಂಗ್ ಬ್ಯಾಕ್ 300, ಮೂವತ್ತನೆಯವನು 140 ಗಳಿಸುತ್ತಾನೆ ಎಂದಿಟ್ಟುಕೊಳ್ಳಿ, ಅಂತರ 160. ಒಟ್ಟು ಅಂಕದಲ್ಲಿ ಕ್ವಾರ್ಟರ್‌ಬ್ಯಾಕ್ 80 ಮುಂದಿದ್ದರೂ, ನಿಮ್ಮ ಎದುರಾಳಿ ಅದೇ ಜಾಗದಲ್ಲಿ ನಿಲ್ಲಿಸುವ ಆಟಗಾರನಿಗಿಂತ ನಿಮಗೆ ಹೆಚ್ಚು ಮುನ್ನಡೆ ತಂದುಕೊಡುವವನು ರನ್ನಿಂಗ್ ಬ್ಯಾಕ್. ಹೀಗೆ ಅದೇ ಸ್ಥಾನದಲ್ಲಿ ಸುಲಭವಾಗಿ ಸಿಗುವ ಕೊನೆಯ ಆಟಗಾರನೊಡನೆ ಹೋಲಿಸಿ ಬೆಲೆ ಕಟ್ಟುವುದನ್ನು ವ್ಯಾಲ್ಯೂ ಬೇಸ್ಡ್ ಡ್ರಾಫ್ಟಿಂಗ್ ಎನ್ನುತ್ತಾರೆ.

ಡ್ರಾಫ್ಟ್ ನಡೆಯುತ್ತಿರುವಾಗ ಇನ್ನೂ ಉಪಯುಕ್ತವಾದ ಲೆಕ್ಕವೊಂದಿದೆ. ಈಗಿನ ಸರದಿಗೂ ನಿಮ್ಮ ಮುಂದಿನ ಸರದಿಗೂ ನಡುವೆ ಪ್ರತಿ ಸ್ಥಾನದಲ್ಲಿ ಎಷ್ಟು ಇಳಿಕೆಯಾಗುತ್ತದೆ ಎಂದು ಎಡಿಪಿ ನೋಡಿ ಅಂದಾಜು ಮಾಡಿ. ಈಗ 270 ಅಂಕದ ರನ್ನಿಂಗ್ ಬ್ಯಾಕ್ ಇದ್ದು ಮುಂದಿನ ಸರದಿಗೆ 210 ಅಂಕದವನು ಉಳಿಯುವಂತಿದ್ದರೆ ನಷ್ಟ 60. ಈಗ 380 ಅಂಕದ ಕ್ವಾರ್ಟರ್‌ಬ್ಯಾಕ್ ಇದ್ದು ಮುಂದಿನ ಸರದಿಗೆ 350 ಅಂಕದವನು ಉಳಿಯುವಂತಿದ್ದರೆ ನಷ್ಟ 30. ಯಾವ ಸ್ಥಾನದಲ್ಲಿ ನಷ್ಟ ಹೆಚ್ಚೋ ಅದನ್ನು ಈಗಲೇ ತುಂಬಿಸಿಕೊಳ್ಳಬೇಕು. ಪ್ರತಿ ಸುತ್ತಿನಲ್ಲೂ ಈ ಒಂದು ಪ್ರಶ್ನೆಗೆ ಉತ್ತರ ಕಂಡುಕೊಂಡರೆ ಯಾವ ತಜ್ಞರ ಸೂತ್ರವೂ ನಿಮಗೆ ಅನಿವಾರ್ಯವಲ್ಲ.

ಕ್ವಾರ್ಟರ್‌ಬ್ಯಾಕ್‌ಗಳ ನಡುವಿನ ಅಂತರ ಕಡಿಮೆ ಇರುವುದಕ್ಕೆ ಕಾರಣವೂ ಇದೆ. ಗಾಯವಾಗದ ಹೊರತು ಆರಂಭಿಕ ಕ್ವಾರ್ಟರ್‌ಬ್ಯಾಕ್ ಪಂದ್ಯವಿಡೀ ಮೈದಾನದಲ್ಲಿರುತ್ತಾನೆ; ಹನ್ನೆರಡನೆಯ ದರ್ಜೆಯವನೂ ಮೊದಲ ದರ್ಜೆಯವನಷ್ಟೇ ಹೊತ್ತು ಆಡುತ್ತಾನೆ. ರನ್ನಿಂಗ್ ಬ್ಯಾಕ್‌ನ ಕೆಲಸವನ್ನಾದರೋ ಹೆಚ್ಚಿನ ತಂಡಗಳು ಇಂದು ಇಬ್ಬರು ಮೂವರಿಗೆ ಹಂಚುತ್ತವೆ. ಸಾಮಾನ್ಯ ಓಟ, ಎಸೆತ ಹಿಡಿಯುವುದು, ಗೋಲ್‌ಲೈನ್ ಬಳಿಯ ಓಟ ಈ ಮೂರೂ ಬಗೆಯ ಕೆಲಸವನ್ನು ಒಬ್ಬನೇ ಮಾಡುವ ರನ್ನಿಂಗ್ ಬ್ಯಾಕ್‌ಗಳು ಇಡೀ ಲೀಗ್‌ನಲ್ಲಿ ಬೆರಳೆಣಿಕೆಯಷ್ಟು, ಅವರು ಮೊದಲ ಎರಡು ಸುತ್ತಿನೊಳಗೆ ಮುಗಿದುಹೋಗುತ್ತಾರೆ.

ಹಂತ 3: ನಿಮ್ಮ ಸರದಿಯ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ

12 ಮಂದಿಯ ಸ್ನೇಕ್ ಡ್ರಾಫ್ಟ್‌ನಲ್ಲಿ ಮೊದಲ ಸರದಿ ಸಿಕ್ಕವರಿಗೆ 1, 24, 25, 48, 49ನೇ ಆಯ್ಕೆಗಳು ಬರುತ್ತವೆ. ಆರನೆಯವರಿಗೆ 6, 19, 30, 43. ಕೊನೆಯವರಿಗೆ 12, 13, 36, 37. ಎರಡು ತುದಿಗಳಲ್ಲಿ ಕುಳಿತವರು ಒಮ್ಮೆ ಆಯ್ಕೆ ಮಾಡಿದ ಮೇಲೆ 22 ಆಟಗಾರರು ಕೈತಪ್ಪಿ ಹೋಗುವುದನ್ನು ನೋಡುತ್ತಾ ಕೂರಬೇಕು. ಆದ್ದರಿಂದ ತುದಿಯಲ್ಲಿರುವವರು ತಮಗೆ ಬೇಕಾದ ಕ್ವಾರ್ಟರ್‌ಬ್ಯಾಕ್‌ನನ್ನು ಎಡಿಪಿಗಿಂತ ಅರ್ಧ ಸುತ್ತು ಮುಂಚೆ ತೆಗೆದುಕೊಳ್ಳುವುದು ತಪ್ಪಲ್ಲ. ಮಧ್ಯದಲ್ಲಿರುವವರು ಅಷ್ಟು ಅವಸರಪಡಬೇಕಿಲ್ಲ.

ಆಕ್ಷನ್ ಪದ್ಧತಿಯ ಲೀಗ್‌ನಲ್ಲಿ, ಅಂದರೆ ಎಲ್ಲರಿಗೂ ಸಾಮಾನ್ಯವಾಗಿ 200 ಡಾಲರ್ ಕಾಲ್ಪನಿಕ ಹಣ ಕೊಟ್ಟು ಹರಾಜು ನಡೆಸುವಲ್ಲಿ, ಸರದಿಯ ಮಾತೇ ಇಲ್ಲ. ಅಲ್ಲಿ ಹಂತ 2ರ ಅಂತರಗಳನ್ನೇ ಬೆಲೆಯನ್ನಾಗಿ ಪರಿವರ್ತಿಸಿಕೊಳ್ಳಿ.

ಹಂತ 4: ಆಟಗಾರರನ್ನು ಗುಂಪುಗಳಾಗಿ ವಿಂಗಡಿಸಿ

ಒಂದರಿಂದ ಐವತ್ತರವರೆಗಿನ ನೇರ ಪಟ್ಟಿಗಿಂತ ಟಿಯರ್‌ಗಳು ಹೆಚ್ಚು ನೆರವಾಗುತ್ತವೆ. ಟಿಯರ್ ಎಂದರೆ ಹೆಚ್ಚುಕಡಿಮೆ ಒಂದೇ ಬೆಲೆಯ ಆಟಗಾರರ ಗುಂಪು. ಪ್ರತಿ ಸ್ಥಾನಕ್ಕೂ ಗುಂಪುಗಳನ್ನು ಮಾಡಿ, ಗುಂಪು ಮುಗಿಯುವಲ್ಲಿ ದಪ್ಪ ಗೆರೆ ಎಳೆಯಿರಿ. ನಿಮ್ಮ ಸರದಿ ಬಂದಾಗ ರನ್ನಿಂಗ್ ಬ್ಯಾಕ್‌ಗಳ ಎರಡನೆಯ ಗುಂಪಿನಲ್ಲಿ ಒಬ್ಬನೇ ಉಳಿದಿದ್ದು, ಕ್ವಾರ್ಟರ್‌ಬ್ಯಾಕ್‌ಗಳ ಎರಡನೆಯ ಗುಂಪಿನಲ್ಲಿ ಐದು ಮಂದಿ ಇದ್ದರೆ ನಿರ್ಧಾರ ತಾನಾಗಿಯೇ ಆಗುತ್ತದೆ. ಪಟ್ಟಿಯನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಮುದ್ರಿಸಿಟ್ಟುಕೊಂಡು, ಹೋದವರ ಹೆಸರನ್ನು ಪೆನ್ನಿನಲ್ಲಿ ಹೊಡೆದುಹಾಕುತ್ತಾ ಬನ್ನಿ. ಗೆರೆಯ ಮೇಲೆ ಎಷ್ಟು ಹೆಸರು ಉಳಿದಿವೆ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ.

ಹಂತ 5: ರನ್ನಿಂಗ್ ಬ್ಯಾಕ್‌ನನ್ನು ಆರಿಸುವಾಗ ಕೆಲಸದ ಪಾಲನ್ನು ನೋಡಿ

ರನ್ನಿಂಗ್ ಬ್ಯಾಕ್‌ನ ಪ್ರತಿಭೆಗಿಂತ ಆತನಿಗೆ ಪಂದ್ಯಕ್ಕೆ ಎಷ್ಟು ಸಲ ಚೆಂಡು ಸಿಗುತ್ತದೆ ಎಂಬುದು ಫ್ಯಾಂಟಸಿ ಅಂಕಗಳನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ಈ ಪಾಲನ್ನು ಮೂರು ಭಾಗವಾಗಿ ನೋಡಿ: ಸಾಮಾನ್ಯ ಓಟ, ಎಸೆತ ಹಿಡಿಯುವ ಕೆಲಸ, ಗೋಲ್‌ಲೈನ್ ಬಳಿಯ ಓಟ. ಮೂರನ್ನೂ ಒಬ್ಬನಿಗೇ ಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ 2019ರ ಕ್ರಿಶ್ಚಿಯನ್ ಮೆಕ್ಯಾಫ್ರಿ ಅತ್ಯುತ್ತಮ ನಿದರ್ಶನ. ಕ್ಯಾರೊಲೈನಾ ತಂಡಕ್ಕಾಗಿ ಅವರು 1,387 ಗಜ ಓಡಿದರು, 116 ಎಸೆತ ಹಿಡಿದು 1,005 ಗಜ ಗಳಿಸಿದರು, ಒಟ್ಟು 19 ಟಚ್‌ಡೌನ್ ಬಾರಿಸಿದರು. ಪಿಪಿಆರ್ ಲೆಕ್ಕದಲ್ಲಿ ಅದು 469 ಅಂಕ ದಾಟುತ್ತದೆ, ಅಂದರೆ ಆ ವರ್ಷದ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್‌ಗಿಂತಲೂ ಹೆಚ್ಚು.

ಕೆಲಸ ಹಂಚಿಕೆಯಾದ ತಂಡಗಳನ್ನು ಕಂಡೊಡನೆ ದೂರವಿಡಬೇಕೆಂದೇನೂ ಇಲ್ಲ. ಡೆಟ್ರಾಯಿಟ್‌ನಲ್ಲಿ 2024ರಲ್ಲಿ ಜಹ್ಮೀರ್ ಗಿಬ್ಸ್ 16 ಸಲ, ಅವರ ಜೊತೆಗಾರ ಡೇವಿಡ್ ಮಾಂಟ್‌ಗೊಮರಿ 12 ಸಲ ಓಡಿ ಟಚ್‌ಡೌನ್ ಗಳಿಸಿದರು. ತಂಡದ ಆಕ್ರಮಣ ಅಷ್ಟು ಬಲವಾಗಿದ್ದರೆ ಇಬ್ಬರಿಗೂ ಸಾಕಾಗುವಷ್ಟು ಅವಕಾಶ ಸಿಗುತ್ತದೆ. ದುರ್ಬಲ ತಂಡದಲ್ಲಿ ಹಂಚಿಕೆಯಾದ ಓಟಗಾರನನ್ನು ಮಾತ್ರ ಮೊದಲ ಐದು ಸುತ್ತುಗಳಲ್ಲಿ ತೆಗೆದುಕೊಳ್ಳಬೇಡಿ.

ಗೋಲ್‌ಲೈನ್ ಬಳಿ ಸ್ವತಃ ನುಗ್ಗುವ ಕ್ವಾರ್ಟರ್‌ಬ್ಯಾಕ್ ಅದೇ ತಂಡದಲ್ಲಿದ್ದಾನೆಯೇ ಎಂಬುದನ್ನೂ ಗಮನಿಸಿ. 2024ರಲ್ಲಿ ಫಿಲಡೆಲ್ಫಿಯಾದ ಸೇಕ್ವಾನ್ ಬಾರ್ಕ್ಲಿ 2,005 ಗಜ ಓಡಿದರೂ ಓಟದಿಂದ ಅವರಿಗೆ ದಕ್ಕಿದ್ದು 13 ಟಚ್‌ಡೌನ್. ಅದೇ ತಂಡದ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಓಡಿ 14 ಗಳಿಸಿದರು. ಬಾರ್ಕ್ಲಿಯಂಥವರಿಗೆ ಗಜಗಳೇ ಆ ಕೊರತೆಯನ್ನು ತುಂಬಿಕೊಟ್ಟವು, ಎಲ್ಲರಿಗೂ ಹಾಗಾಗುವುದಿಲ್ಲ.

ಎಚ್ಚರಿಕೆ: ರನ್ನಿಂಗ್ ಬ್ಯಾಕ್‌ಗಳು ಹೆಚ್ಚು ಪೆಟ್ಟು ತಿನ್ನುತ್ತಾರೆ, ಹೆಚ್ಚು ಗಾಯಗೊಳ್ಳುತ್ತಾರೆ. 2024ರಲ್ಲಿ ಬಹುಪಾಲು ಲೀಗ್‌ಗಳಲ್ಲಿ ಮೊಟ್ಟಮೊದಲ ಆಯ್ಕೆಯಾಗಿದ್ದ ಮೆಕ್ಯಾಫ್ರಿ ಇಡೀ ಸೀಸನ್‌ನಲ್ಲಿ ಆಡಿದ್ದು 4 ಪಂದ್ಯ. ಗಾಯದ ಭಯದಿಂದ ಈ ಸ್ಥಾನವನ್ನೇ ಮೊದಲ ಐದಾರು ಸುತ್ತು ಮುಟ್ಟದೆ, ರಿಸೀವರ್‌ಗಳನ್ನು ತುಂಬಿಕೊಂಡು, ತಡವಾಗಿ ಹಲವು ರನ್ನಿಂಗ್ ಬ್ಯಾಕ್‌ಗಳನ್ನು ಕೂಡಿಹಾಕುವ ತಂತ್ರವೊಂದಿದೆ. ಅದಕ್ಕೆ ಝೀರೋ ಆರ್‌ಬಿ ಎಂಬ ಹೆಸರಿದೆ (ಆರ್‌ಬಿ ಎಂದರೆ ರನ್ನಿಂಗ್ ಬ್ಯಾಕ್). ಪ್ರತಿ ವಾರ ಸುದ್ದಿ ಓದಿ ಹೊಸ ಆಟಗಾರರನ್ನು ಹಿಡಿಯುವ ಸಮಯವಿದ್ದವರಿಗೆ ಮಾತ್ರ ಅದು ಹೊಂದುತ್ತದೆ. ಮೊದಲ ವರ್ಷ ಆಡುವವರು ಆರಂಭದ ಎರಡು ಸುತ್ತಿನಲ್ಲಿ ಒಬ್ಬ ಗಟ್ಟಿ ರನ್ನಿಂಗ್ ಬ್ಯಾಕ್‌ನನ್ನು ತೆಗೆದುಕೊಂಡು, ಮುಂದಿನ ಮೂರು ನಾಲ್ಕು ಸುತ್ತುಗಳಲ್ಲಿ ರಿಸೀವರ್‌ಗಳತ್ತ ಹೋಗುವುದು ಸುರಕ್ಷಿತವೆಂದು ನನ್ನ ಅಭಿಪ್ರಾಯ. ಇದನ್ನು ಹೀರೋ ಆರ್‌ಬಿ ಎನ್ನುತ್ತಾರೆ.

ಪ್ರಶ್ನೆ ಇಬ್ಬರ ನಡುವಿನದಾಗಿದ್ದರೂ ಮೂರನೆಯವನನ್ನು ಮರೆಯಬೇಡಿ. ಪಿಪಿಆರ್ ಲೀಗ್‌ನಲ್ಲಿ ನಿಮ್ಮ ಸರದಿಗೆ ಅತ್ಯುನ್ನತ ಗುಂಪಿನ ರಿಸೀವರ್ ಉಳಿದಿದ್ದರೆ, ಎರಡನೆಯ ಗುಂಪಿನ ರನ್ನಿಂಗ್ ಬ್ಯಾಕ್‌ಗಾಗಿ ಅವನನ್ನು ಬಿಡಬಾರದು. 2024ರಲ್ಲಿ ಸಿನ್ಸಿನಾಟಿಯ ಜಮಾರ್ ಚೇಸ್ 127 ಎಸೆತ ಹಿಡಿದು 1,708 ಗಜ, 17 ಟಚ್‌ಡೌನ್ ಗಳಿಸಿದ್ದನ್ನು ನೆನಪಿಡಿ.

ಹಂತ 6: ಕ್ವಾರ್ಟರ್‌ಬ್ಯಾಕ್‌ನಲ್ಲಿ ಕಾಲುಗಳನ್ನು ನೋಡಿ, ಕಳೆದ ವರ್ಷದ ಟಚ್‌ಡೌನ್‌ಗಳನ್ನಲ್ಲ

ಓಡಿದ 10 ಗಜಕ್ಕೆ ಸಿಗುವ ಅಂಕಕ್ಕಾಗಿ ಎಸೆತದಲ್ಲಿ 25 ಗಜ ಸಾಗಬೇಕು. ಓಡಿ ಗಳಿಸಿದ ಟಚ್‌ಡೌನ್‌ಗೆ 6, ಎಸೆದದ್ದಕ್ಕೆ 4. ಆದ್ದರಿಂದ ಓಡುವ ಕ್ವಾರ್ಟರ್‌ಬ್ಯಾಕ್ ಈ ಆಟದಲ್ಲಿ ಬೇರೆಯೇ ಜಾತಿಯ ಆಸ್ತಿ. 2019ರಲ್ಲಿ ಬಾಲ್ಟಿಮೋರ್‌ನ ಲಮಾರ್ ಜಾಕ್ಸನ್ 3,127 ಗಜ ಎಸೆದು 36 ಟಚ್‌ಡೌನ್ ಕೊಡಿಸಿದರು. ಅದರ ಮೇಲೆ 1,206 ಗಜ ಓಡಿ 7 ಟಚ್‌ಡೌನ್ ಸೇರಿಸಿದರು. ಓಟವೊಂದರಿಂದಲೇ ಬಂದದ್ದು 162.6 ಅಂಕ. ಎಸೆತದ ಗಜಗಳಿಂದಲೇ ಅಷ್ಟು ಅಂಕ ಗಳಿಸಬೇಕಿದ್ದರೆ ಇನ್ನೂ 4,065 ಗಜ ಎಸೆಯಬೇಕಾಗುತ್ತಿತ್ತು, ಅಂದರೆ ಮತ್ತೊಬ್ಬ ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ನ ಇಡೀ ವರ್ಷದ ದುಡಿಮೆ. ಇಂಥವರು ಮೂರನೆಯ ಅಥವಾ ನಾಲ್ಕನೆಯ ಸುತ್ತಿನಲ್ಲಿ ಸಿಕ್ಕರೆ, ರನ್ನಿಂಗ್ ಬ್ಯಾಕ್ ಒಬ್ಬ ಈಗಾಗಲೇ ನಿಮ್ಮಲ್ಲಿದ್ದರೆ, ತೆಗೆದುಕೊಳ್ಳಲು ಹಿಂಜರಿಯಬೇಡಿ. ಹಂತ 2ರಲ್ಲಿ ಹೇಳಿದ ಅಂತರ ಇಂಥವರ ವಿಷಯದಲ್ಲಿ ನಿಜಕ್ಕೂ ದೊಡ್ಡದಾಗುತ್ತದೆ.

ಓಡದ, ಎಸೆಯುವುದನ್ನಷ್ಟೇ ನಂಬಿದ ಕ್ವಾರ್ಟರ್‌ಬ್ಯಾಕ್‌ಗಾಗಿ ಆರಂಭದ ಸುತ್ತುಗಳನ್ನು ವ್ಯಯ ಮಾಡುವುದು ಬೇಡ. ಎಸೆದ ಟಚ್‌ಡೌನ್‌ಗಳ ಸಂಖ್ಯೆ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ತೀವ್ರವಾಗಿ ಏರುಪೇರಾಗುತ್ತದೆ. ಪೇಟನ್ ಮ್ಯಾನಿಂಗ್ 2013ರಲ್ಲಿ 55 ಟಚ್‌ಡೌನ್ ಎಸೆದರು, ಮರುವರ್ಷ 39. ಪ್ಯಾಟ್ರಿಕ್ ಮಹೋಮ್ಸ್ 2018ರಲ್ಲಿ 50 ಎಸೆದರು. ಮರುವರ್ಷ, ಎರಡು ಪಂದ್ಯ ತಪ್ಪಿಸಿಕೊಂಡು, 26. ಗಮನಿಸಬೇಕಾದದ್ದೇನೆಂದರೆ, 2018ರ ಮಹೋಮ್ಸ್ ಮತ್ತು 2019ರ ಜಾಕ್ಸನ್ ಇಬ್ಬರೂ ಆಯಾ ವರ್ಷ ಹೆಚ್ಚಿನ ಲೀಗ್‌ಗಳಲ್ಲಿ ಡ್ರಾಫ್ಟ್‌ನ ಅರ್ಧಭಾಗ ದಾಟಿದ ಮೇಲೂ ಸಿಗುತ್ತಿದ್ದರು. ಮರುವರ್ಷ ಅವರೇ ಆರಂಭದ ಸುತ್ತುಗಳಿಗೆ ಏರಿದರು. ಕಳೆದ ವರ್ಷದ ಅಂಕಗಳಿಗೆ ಈ ವರ್ಷ ಬೆಲೆ ತೆರುವುದೆಂದರೆ ಇದೇ.

ಹಾಗಾಗಿ ಮೊದಲ ಗುಂಪಿನ ಓಟಗಾರ ಕ್ವಾರ್ಟರ್‌ಬ್ಯಾಕ್ ಸಿಗದಿದ್ದರೆ ಏಳರಿಂದ ಹತ್ತನೆಯ ಸುತ್ತಿನವರೆಗೆ ನೆಮ್ಮದಿಯಾಗಿ ಕಾಯಿರಿ. ಕ್ವಾರ್ಟರ್‌ಬ್ಯಾಕ್‌ಗೆ ಗಾಯವೇ ಆಗುವುದಿಲ್ಲ ಎಂದೂ ತಿಳಿಯಬೇಡಿ. ಟಾಮ್ ಬ್ರೇಡಿ 2008ರ ಮೊದಲ ಪಂದ್ಯದಲ್ಲೇ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಇಡೀ ವರ್ಷ ಹೊರಗುಳಿದರು. ಆರನ್ ರಾಜರ್ಸ್ 2023ರಲ್ಲಿ ನ್ಯೂಯಾರ್ಕ್ ಜೆಟ್ಸ್ ಪರವಾಗಿ ಮೊದಲ ಪಂದ್ಯದ ನಾಲ್ಕನೆಯ ಪ್ಲೇನಲ್ಲೇ ಗಾಯಗೊಂಡು ಸೀಸನ್ ಕಳೆದುಕೊಂಡರು. ಆದರೆ ಒಬ್ಬನೇ ಕ್ವಾರ್ಟರ್‌ಬ್ಯಾಕ್ ಆಡುವ ಲೀಗ್‌ನಲ್ಲಿ ಅಂಥ ಗಾಯಕ್ಕೆ ಪರಿಹಾರ ಸುಲಭ, ಯಾರೂ ತೆಗೆದುಕೊಳ್ಳದ ಕ್ವಾರ್ಟರ್‌ಬ್ಯಾಕ್‌ಗಳು ಹೊರಗೆ ಹಲವರಿರುತ್ತಾರೆ. ಅದೇ ಕಾರಣಕ್ಕೆ ಅಂಥ ಲೀಗ್‌ನಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಡ್ರಾಫ್ಟ್‌ನಲ್ಲಿ ತೆಗೆದುಕೊಳ್ಳುವುದು ಬೆಂಚಿನ ಒಂದು ಜಾಗವನ್ನು ಪೋಲು ಮಾಡಿದಂತೆ. ಆ ಜಾಗದಲ್ಲಿ ಇನ್ನೊಬ್ಬ ರನ್ನಿಂಗ್ ಬ್ಯಾಕ್ ಇರಲಿ.

ಹಂತ 7: ಸೂಪರ್‌ಫ್ಲೆಕ್ಸ್ ಲೀಗ್ ಆಗಿದ್ದರೆ ಕ್ರಮವನ್ನು ತಿರುಗಿಸಿ

ಸೂಪರ್‌ಫ್ಲೆಕ್ಸ್‌ನಲ್ಲಿ 12 ಮಂದಿಗೆ ವಾರಕ್ಕೆ 24 ಕ್ವಾರ್ಟರ್‌ಬ್ಯಾಕ್‌ಗಳು ಬೇಕು. ಪ್ರತಿ ತಂಡಕ್ಕೂ ಸೀಸನ್ ಮಧ್ಯೆ ಒಂದು ವಾರ ವಿಶ್ರಾಂತಿ ಇರುತ್ತದೆ. ಅದನ್ನು ಬೈ ವೀಕ್ ಎನ್ನುತ್ತಾರೆ. ಆ ವಾರಕ್ಕೆಂದು ಎಲ್ಲರೂ ಮೂರನೆಯವನನ್ನು ಇಟ್ಟುಕೊಳ್ಳಲು ಹೊರಟರೆ 36 ಬೇಕಾಗುತ್ತದೆ, ಇರುವ ಆರಂಭಿಕ ಕ್ವಾರ್ಟರ್‌ಬ್ಯಾಕ್‌ಗಳೇ 32. ಹೋಲಿಕೆಯ ಮಟ್ಟ ಹನ್ನೆರಡನೆಯವನಿಂದ ಇಪ್ಪತ್ನಾಲ್ಕನೆಯವನಿಗೆ ಇಳಿಯುವುದರಿಂದ ಮೇಲಿನವರ ಬೆಲೆ ಒಮ್ಮೆಲೇ ಏರುತ್ತದೆ. ಹಂತ 2ರ ಕಾಲ್ಪನಿಕ ಲೆಕ್ಕದಲ್ಲಿ ಇಪ್ಪತ್ನಾಲ್ಕನೆಯವನು 210 ಅಂಕ ಗಳಿಸುವುದಾದರೆ ಅಂತರ 90ರಿಂದ 170ಕ್ಕೆ ಜಿಗಿದು ರನ್ನಿಂಗ್ ಬ್ಯಾಕ್‌ನ 160ನ್ನು ದಾಟುತ್ತದೆ. ಇಲ್ಲಿ ಮೊದಲ ಮೂರು ಸುತ್ತುಗಳಲ್ಲಿ ಕನಿಷ್ಠ ಒಬ್ಬ, ಸಾಧ್ಯವಾದರೆ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ನಿಮ್ಮಲ್ಲಿರಬೇಕು. ಸಾಮಾನ್ಯ ಲೀಗ್‌ನ ಪಟ್ಟಿ ಹಿಡಿದು ಇಲ್ಲಿಗೆ ಬಂದವರು ನಾಲ್ಕನೆಯ ಸುತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್ ಹುಡುಕಿದಾಗ ಆರಂಭಿಕ ಸ್ಥಾನವೇ ಖಚಿತವಿಲ್ಲದವರು ಮಾತ್ರ ಉಳಿದಿರುತ್ತಾರೆ.

ಹಂತ 8: ಡ್ರಾಫ್ಟ್ ನಡೆಯುವಾಗ

ಡ್ರಾಫ್ಟ್‌ಗೆ ಮುನ್ನ ಎರಡು ಮೂರು ಮಾಕ್ ಡ್ರಾಫ್ಟ್‌ಗಳನ್ನು, ಅಂದರೆ ಅಭ್ಯಾಸದ ಡ್ರಾಫ್ಟ್‌ಗಳನ್ನು, ನಿಮ್ಮ ಸರದಿಯ ಸಂಖ್ಯೆಯಿಂದಲೇ ಆಡಿ ನೋಡಿ. ಇಎಸ್‌ಪಿಎನ್, ಯಾಹೂ, ಸ್ಲೀಪರ್ ಮೂರರಲ್ಲೂ ಇದಕ್ಕೆ ಉಚಿತ ವ್ಯವಸ್ಥೆಯಿದೆ. ಒಂದು ಆಯ್ಕೆಗೆ ಸಿಗುವ ಸಮಯ ಸಾಮಾನ್ಯವಾಗಿ ಒಂದೆರಡು ನಿಮಿಷ ಮಾತ್ರ. ಅದು ಮೀರಿದರೆ ಆ್ಯಪ್ ತನ್ನ ಪಟ್ಟಿಯ ಪ್ರಕಾರ ತಾನೇ ಆರಿಸಿಬಿಡುತ್ತದೆ. ಮುಂದಿನ ನಾಲ್ಕೈದು ಹೆಸರುಗಳನ್ನು ಕ್ಯೂನಲ್ಲಿ, ಅಂದರೆ ಆ್ಯಪ್‌ನಲ್ಲಿ ನೀವು ಮುಂಚೆಯೇ ಗುರುತಿಡುವ ಪಟ್ಟಿಯಲ್ಲಿ, ಸದಾ ಇಟ್ಟಿರಿ.

ಯಾರೋ ಒಬ್ಬರು ಕ್ವಾರ್ಟರ್‌ಬ್ಯಾಕ್ ತೆಗೆದುಕೊಂಡೊಡನೆ ಮುಂದಿನ ನಾಲ್ಕು ಮಂದಿ ಗಾಬರಿಯಿಂದ ಅದೇ ಸ್ಥಾನಕ್ಕೆ ಮುಗಿಬೀಳುವುದುಂಟು. ಈ ನೂಕುನುಗ್ಗಲಿಗೆ ರನ್ ಎನ್ನುತ್ತಾರೆ. ಆಗ ನಿಮ್ಮ ಟಿಯರ್ ಪಟ್ಟಿಯನ್ನು ನೋಡಿ. ಅದೇ ಗುಂಪಿನಲ್ಲಿ ಇನ್ನೂ ಮೂವರಿದ್ದರೆ ಓಡಬೇಕಾಗಿಲ್ಲ; ಅವರೆಲ್ಲ ಕ್ವಾರ್ಟರ್‌ಬ್ಯಾಕ್ ಕೊಳ್ಳುತ್ತಿರುವಾಗ ಒಳ್ಳೆಯ ರನ್ನಿಂಗ್ ಬ್ಯಾಕ್‌ಗಳು ನಿಮ್ಮತ್ತ ಜಾರಿ ಬರುತ್ತಿರುತ್ತಾರೆ. ನಿಮ್ಮ ಇಬ್ಬರು ಆಟಗಾರರಿಗೆ ಬೈ ವೀಕ್ ಒಂದೇ ಬಂತೆಂಬ ಕಾರಣಕ್ಕೆ ಉತ್ತಮ ಆಟಗಾರನನ್ನು ಬಿಟ್ಟು ಕೆಳಗಿನವನನ್ನು ಆರಿಸಬೇಡಿ. ಕಿಕ್ಕರ್ ಮತ್ತು ರಕ್ಷಣಾ ಪಡೆಯನ್ನು ಕೊನೆಯ ಎರಡು ಸುತ್ತುಗಳಿಗೆ ಬಿಡಿ.

ಭಾರತದಿಂದ ಆಡುವವರು ಎರಡು ವಿಷಯ ಗಮನಿಸಬೇಕು. ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 8 ಗಂಟೆಯ ಡ್ರಾಫ್ಟ್ ಆಗಸ್ಟ್‌ನಲ್ಲಿ ನಮಗೆ ಮರುದಿನ ಬೆಳಗಿನ 5:30. ಪಶ್ಚಿಮ ಕರಾವಳಿಯ 8 ಗಂಟೆ ನಮಗೆ ಬೆಳಗಿನ 8:30. ಎರಡನೆಯದಾಗಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿದೆ; ಪ್ರವೇಶ ಶುಲ್ಕವಿಲ್ಲದ ಲೀಗ್‌ಗಳಿಗೆ ಮಾತ್ರ ಸೇರಿ.

ಹಂತ 9: ಡ್ರಾಫ್ಟ್ ಮುಗಿದ ಮೇಲೆ

ಯಾರ ತಂಡದಲ್ಲೂ ಇಲ್ಲದ ಆಟಗಾರರನ್ನು ವಾರವಾರ ಸೇರಿಸಿಕೊಳ್ಳುವ ವ್ಯವಸ್ಥೆಗೆ ವೇವರ್ ಎಂದು ಹೆಸರು. ರನ್ನಿಂಗ್ ಬ್ಯಾಕ್‌ಗಳ ಅಸಲಿ ಬೆಳೆ ಇಲ್ಲಿ ಬರುತ್ತದೆ. 2018ರಲ್ಲಿ ಪಿಟ್ಸ್‌ಬರ್ಗ್‌ನ ಲೆವಿಯಾನ್ ಬೆಲ್ ಒಪ್ಪಂದದ ವಿವಾದದಿಂದಾಗಿ ಇಡೀ ವರ್ಷ ಆಡಲಿಲ್ಲ. ಅವರ ಬದಲಿಗೆ ಬಂದ ಜೇಮ್ಸ್ ಕಾನರ್ 973 ಗಜ ಓಡಿ 12 ಟಚ್‌ಡೌನ್ ಗಳಿಸಿದರು. 2023ರಲ್ಲಿ ಹೆಚ್ಚಿನ ಲೀಗ್‌ಗಳ ಡ್ರಾಫ್ಟ್‌ನಲ್ಲಿ ಯಾರೂ ಕೇಳದಿದ್ದ ಕೈರನ್ ವಿಲಿಯಮ್ಸ್ ಲಾಸ್ ಏಂಜಲೀಸ್ ರಾಮ್ಸ್ ತಂಡದ ಪರ 12 ಪಂದ್ಯಗಳಲ್ಲಿ 1,144 ಗಜ ಓಡಿದರು. ಮುಖ್ಯ ಓಟಗಾರನಿಗೆ ಗಾಯವಾದರೆ ಕೆಲಸವೆಲ್ಲ ವಹಿಸಿಕೊಳ್ಳುವ ಬದಲಿ ಆಟಗಾರನನ್ನು ಹ್ಯಾಂಡ್‌ಕಫ್ ಎನ್ನುತ್ತಾರೆ. ಬೆಂಚಿನಲ್ಲಿ ಅಂಥವರು ಒಬ್ಬಿಬ್ಬರು ಇರಲಿ, ವಿಶೇಷವಾಗಿ ನವೆಂಬರ್ ನಂತರ. ಹೆಚ್ಚಿನ ಲೀಗ್‌ಗಳ ಪ್ಲೇಆಫ್ 15ರಿಂದ 17ನೇ ವಾರದವರೆಗೆ ನಡೆಯುತ್ತದೆ, ಆ ಹೊತ್ತಿಗೆ ಮುಖ್ಯ ಓಟಗಾರರಲ್ಲಿ ಹಲವರು ಗಾಯಗೊಂಡಿರುತ್ತಾರೆ.

ತಡವಾಗಿ ಕ್ವಾರ್ಟರ್‌ಬ್ಯಾಕ್ ತೆಗೆದುಕೊಂಡವರು ಮೊದಲ ನಾಲ್ಕು ವಾರ ಆತನನ್ನು ಗಮನಿಸಿ. ಓಟವೂ ಇಲ್ಲ, ಎಸೆತವೂ ಕಡಿಮೆ ಎಂದಾದರೆ, ಆ ವಾರ ದುರ್ಬಲ ರಕ್ಷಣೆಯ ಎದುರು ಆಡುವ ಬೇರೊಬ್ಬನನ್ನು ವೇವರ್‌ನಿಂದ ತಂದು ಆಡಿಸಿ. ಹೀಗೆ ವಾರವಾರ ಬದಲಿಸುವುದನ್ನು ಸ್ಟ್ರೀಮಿಂಗ್ ಎನ್ನುತ್ತಾರೆ. ಭಾರತದಲ್ಲಿರುವವರಿಗೆ ಗುರುವಾರದ ಪಂದ್ಯ ಶುಕ್ರವಾರ ಬೆಳಗ್ಗೆ 5:45ಕ್ಕೆ, ಭಾನುವಾರದ ಮೊದಲ ಪಂದ್ಯಗಳು ರಾತ್ರಿ 10:30ಕ್ಕೆ ಆರಂಭವಾಗುತ್ತವೆ. ನವೆಂಬರ್ ಮೊದಲ ಭಾನುವಾರದಿಂದ ಎರಡೂ ಒಂದು ಗಂಟೆ ಮುಂದಕ್ಕೆ ಹೋಗುತ್ತವೆ. ಆಟಗಾರನ ಪಂದ್ಯ ಆರಂಭವಾದೊಡನೆ ಆತನನ್ನು ಬದಲಿಸುವ ಅವಕಾಶ ಮುಚ್ಚುವುದರಿಂದ ಗುರುವಾರ ಆಡುವವರು ನಿಮ್ಮಲ್ಲಿದ್ದರೆ ಗುರುವಾರ ರಾತ್ರಿ ಮಲಗುವ ಮುನ್ನವೇ ತಂಡವನ್ನು ಹೊಂದಿಸಿಡಿ, ಮತ್ತು ಗುರುವಾರದ ಆಟಗಾರನನ್ನು ಫ್ಲೆಕ್ಸ್ ಜಾಗದಲ್ಲಿ ಇಡದೆ ಆತನ ಸ್ವಂತ ಸ್ಥಾನದಲ್ಲೇ ಇಡಿ. ಭಾನುವಾರ ಯಾರಿಗಾದರೂ ಗಾಯವಾಗಿ ಬದಲಾವಣೆ ಬೇಕಾದಾಗ ಯಾವ ಸ್ಥಾನದವನನ್ನಾದರೂ ಇಡಬಹುದಾದ ಆ ಜಾಗ ತೆರೆದಿರುತ್ತದೆ.